ಯಾವ ದಿನದ ತಿಮ್ಮಯ್ಯ?

ಮೇಜಿನ ಮೇಲೆ ತಲೆಗಳು ಎರಡಿದ್ದವು, ಎದೆ ಒಂದೇ. ಎಲ್ಲವೂ ರೆಸಿನ್ನಿನವು, ಬಣ್ಣ ಕಾಣದ ಬೂದು ತುಂಡುಗಳು. ಒಂದು ತಲೆಗೆ ನಲವತ್ತು ದಾಟಿದ ವಯಸ್ಸು. ಇನ್ನೊಂದಕ್ಕೆ ಅರವತ್ತರ ಹತ್ತಿರ, ಕಣ್ಣಿನ ಕೆಳಗೆ ಚೀಲ, ಕೆನ್ನೆಯಲ್ಲಿ ಆಳವಾದ ಗೆರೆ. ಮೀಸೆ ಎರಡರಲ್ಲೂ ಒಂದೇ ಬಗೆಯದು, ಒಪ್ಪವಾಗಿ ಕತ್ತರಿಸಿದ್ದು.

"ಎರಡೂ ತಿಮ್ಮಯ್ಯನವರೇ," ಎಂದರು ನಿವೃತ್ತ ಸುಬೇದಾರರು, ಕನ್ನಡಕ ಸರಿಪಡಿಸಿಕೊಳ್ಳುತ್ತಾ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಪಡೆದು, ಸೇತುವೆ ಕಟ್ಟುತ್ತಾ, ನೆಲಬಾಂಬು ತೆಗೆಯುತ್ತಾ ಸೇವೆ ಮುಗಿಸಿದವರು ಅವರು.

"ಎರಡೂ ಅವರೇ. ಆದರೆ ಯಾವುದನ್ನು ಇಡಬೇಕು ಅಂತ ತೀರ್ಮಾನ ಆಗದೆ ಎದೆಯ ಕೆಲಸ ಮುಂದೆ ಹೋಗೋದಿಲ್ಲ," ಎಂದಳು ಶಿಲ್ಪ ಮಾಡಿದ ಹುಡುಗಿ. "ಎಡಗಡೆ ಜೇಬಿನ ಮೇಲೆ ಪದಕಗಳ ರಿಬ್ಬನ್ ಸಾಲು ಬರಬೇಕು. ಎಷ್ಟು ರಿಬ್ಬನ್, ಯಾವುದರ ಪಕ್ಕ ಯಾವುದು, ಭುಜದ ಮೇಲೆ ಯಾವ ಚಿಹ್ನೆ, ಇದೆಲ್ಲ ವರ್ಷದ ಮೇಲೆ ನಿಂತಿದೆ. ಮೊದಲು ದಿನ ಹೇಳಿ, ಆಮೇಲೆ ಕೆಲಸ."

ಮೂರನೆಯವರು ಇತಿಹಾಸ ಕಲಿಸುವ ಮೇಷ್ಟ್ರು. ತಮ್ಮ ಶಾಲೆಯ ಗಾಜಿನ ಕಪಾಟಿಗೆ ಈ ಬಸ್ಟ್, ಅಂದರೆ ಎದೆಮಟ್ಟದ ಪ್ರತಿಮೆ, ಬೇಕೆಂದು ಕೇಳಿದವರೇ ಅವರು. "ದಿನ ಯಾಕಮ್ಮ? ಜನರಲ್ ತಿಮ್ಮಯ್ಯ ಅಂದರೆ ಎಲ್ಲ ಪದಕವನ್ನೂ ಹಾಕಿಬಿಡು. ಮಕ್ಕಳು ನೋಡಿ ಹೆಮ್ಮೆ ಪಡಲಿ."

"ಹಾಗೆ ಮಾಡಿದರೆ ಸುಳ್ಳಾಗುತ್ತೆ ಸರ್. 1954ರಲ್ಲಿ ಬಂದ ಪದ್ಮಭೂಷಣವನ್ನು 1948ರ ಮುಖದ ಕೆಳಗೆ ಹಾಕಿದ ಹಾಗಾಗುತ್ತೆ."

ಅವಳ ಹಟ ಹೊರಗಿನವರಿಗೆ ಅತಿಯೆನಿಸಬಹುದು. ಆದರೆ ಈ ಕೆಲಸ ಮಾಡುವವರ ನಡುವೆ ಇದು ಮೊದಲ ಪಾಠ. ಹತ್ತನೇ ಒಂದು ಅಳತೆಯ ಬಸ್ಟ್ ಎಂದರೆ ತಲೆಯಿಂದ ಎದೆಯ ಕೆಳಗಿನವರೆಗೆ ಅಂಗೈಯಲ್ಲಿ ಕೂರುವಷ್ಟು ಗಾತ್ರ. ಇಂಥ ಬಸ್ಟುಗಳ ದೊಡ್ಡ ಮಾರುಕಟ್ಟೆ ಯುರೋಪ್, ಕೊರಿಯ, ಅಮೆರಿಕಗಳಲ್ಲಿದೆ. ಅಲ್ಲಿ ಹೆಚ್ಚು ಕಾಣುವವರು ರೊಮ್ಮೆಲ್, ಪ್ಯಾಟನ್, ಮಾಂಟ್ಗೊಮರಿ. ಮಾಂಟ್ಗೊಮರಿಯ ಕಪ್ಪು ಬೆರೆ ಟೋಪಿಯ ಮೇಲೆ ಎರಡು ಬ್ಯಾಡ್ಜುಗಳಿದ್ದರೆ ಅದು 1942ರ ಮರುಭೂಮಿ ಯುದ್ಧದ ಅಥವಾ ಅದರ ನಂತರದ ಮನುಷ್ಯ. ಅದಕ್ಕೂ ಹಿಂದಿನ ಮಾಂಟ್ಗೊಮರಿಗೆ ಆ ಟೋಪಿ ಇಡುವಂತಿಲ್ಲ. ರೊಮ್ಮೆಲ್‌ನ ಟೋಪಿಯ ಮೇಲಿನ ಕನ್ನಡಕ ಬ್ರಿಟಿಷರಿಂದ ವಶಪಡಿಸಿಕೊಂಡದ್ದು. ಕತ್ತಿನ ನೀಲಿ ಶಿಲುಬೆ ಮೊದಲನೆಯ ಮಹಾಯುದ್ಧದ್ದು, 1917ರಲ್ಲಿ ಇಟಲಿಯ ಗಡಿಯಲ್ಲಿ ಗಳಿಸಿದ್ದು. ಬಲ್ಲವನು ಬಸ್ಟನ್ನು ಒಮ್ಮೆ ನೋಡಿ ಇಸವಿ ಹೇಳುತ್ತಾನೆ.

"ಹಿಟ್ಲರನ ಸೇನಾಪತಿಯ ಮುಖ ಊರೂರಿನ ಶೋಕೇಸಿನಲ್ಲಿ ಇರುತ್ತೆ," ಎಂದರು ಸುಬೇದಾರರು. "ಬರ್ಮಾದ ಅರಕಾನಿನಲ್ಲಿ ಜಪಾನೀಯರ ಎದುರು ನಿಂತ ಮಡಿಕೇರಿಯ ಹುಡುಗನ ಮುಖ ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಇದು ನನಗೆ ನೋವಿನ ವಿಷಯ."

"ಅದಕ್ಕೇ ಮಾಡ್ತಿರೋದು," ಎಂದಳು ಹುಡುಗಿ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಓದಿದ್ದು ಕೂನೂರು, ಬೆಂಗಳೂರಿನ ಬಿಷಪ್ ಕಾಟನ್, ಡೆಹ್ರಾಡೂನ್, ಕಡೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾದರು. ಸೇರಿದ ಪಡೆ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್. ಆ ರೆಜಿಮೆಂಟಿಗೆ 1945ರಲ್ಲಿ ಕುಮಾವೂ ಎಂಬ ಹೆಸರು ಬಂತು. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮಿನಲ್ಲಿ ಮಡಿದು ದೇಶದ ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದ ಮೇಜರ್ ಸೋಮನಾಥ ಶರ್ಮಾ ಇದೇ 4 ಕುಮಾವೂ ಬೆಟಾಲಿಯನ್ನಿನವರು.

"ಸರಿ, ಹಾಗಾದರೆ ಮೊದಲ ದಿನ 1945 ಅಂತಿಟ್ಟುಕೊಳ್ಳೋಣ," ಎಂದರು ಮೇಷ್ಟ್ರು. "ಪದಕ ಬಂದದ್ದೇ ಅಲ್ಲಿ."

"ಹೌದು. ಬರ್ಮಾದ ಕಂಗಾ ಕಾಳಗ, ಜನವರಿ 1945," ಎಂದರು ಸುಬೇದಾರರು. ಅವರ ದನಿಗೆ ಉತ್ಸಾಹ ಬಂತು. "51ನೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ಕಮಾಂಡರ್. ಪಂಜಾಬ್ ಬೆಟಾಲಿಯನ್ನಿಗೆ ಥೋರಾಟ್, ಬಲೂಚ್ ಬೆಟಾಲಿಯನ್ನಿಗೆ ಎಲ್.ಪಿ. ಸೇನ್, ಹೈದರಾಬಾದಿನ 8ನೆಯದಕ್ಕೆ ತಿಮ್ಮಯ್ಯ. ಭಾರತೀಯನಿಗೆ ಯುದ್ಧದಲ್ಲಿ ಪಡೆ ನಡೆಸೋಕೆ ಬರುತ್ತಾ ಅಂತ ಅನುಮಾನಪಡುತ್ತಿದ್ದ ಕಾಲ ಅದು. ಮೂವರಿಗೂ ಬ್ರಿಟಿಷ್ ಶೌರ್ಯ ಪದಕ ಡಿಎಸ್‌ಒ ಬಂತು. ಆಮೇಲೆ ತಿಮ್ಮಯ್ಯನವರಿಗೆ 36ನೇ ಬ್ರಿಗೇಡ್ ಕೊಟ್ಟರು. ಆ ಯುದ್ಧದಲ್ಲಿ ರಣರಂಗದಲ್ಲೇ ಬ್ರಿಗೇಡ್ ನಡೆಸಿದ ಭಾರತೀಯ ಅವರೊಬ್ಬರೇ."

ಹುಡುಗಿ ಒಂದು ಕಾಗದ ಎಳೆದುಕೊಂಡು ಪೆನ್ಸಿಲಿನಲ್ಲಿ ಚೌಕಗಳನ್ನು ಬರೆದಳು. "ಹಾಗಾದರೆ ಸಾಲಿನಲ್ಲಿ ಮೊದಲನೆಯದು ಡಿಎಸ್‌ಒ. ಕೆಂಪು ರಿಬ್ಬನ್, ಎರಡು ಅಂಚಿಗೂ ಸಣ್ಣ ನೀಲಿ ಪಟ್ಟಿ. ಆಮೇಲೆ ಯುದ್ಧದ ಸ್ಟಾರ್‌ಗಳು. 1939–45 ಸ್ಟಾರ್ ಸುಲಭ, ಗಾಢ ನೀಲಿ, ಕೆಂಪು, ತಿಳಿ ನೀಲಿ, ಮೂರೂ ಸಮ. ನೌಕಾದಳ, ಭೂಸೇನೆ, ವಾಯುಪಡೆ. ನನ್ನ ಜೀವ ತೆಗೆಯೋದು ಬರ್ಮಾ ಸ್ಟಾರ್. ನಡುವೆ ಅಗಲವಾದ ಕೆಂಪು, ಎರಡು ಕಡೆ ಗಾಢ ನೀಲಿ, ಆ ನೀಲಿಯ ನಡುವೆ ಒಂದೊಂದು ಕಿತ್ತಳೆ. ಎಣಿಸಿ, ಏಳು ಪಟ್ಟೆ. ನಿಜವಾದ ರಿಬ್ಬನ್ 32 ಮಿಲಿಮೀಟರ್ ಅಗಲ. ಹತ್ತನೇ ಒಂದಕ್ಕೆ ಇಳಿಸಿದರೆ 3.2. ಅಷ್ಟರಲ್ಲಿ ಏಳು ಪಟ್ಟೆ ಬರೀಬೇಕು."

"ಬರೆಯೋದು ಹೇಗೆ?"

"ಮೊದಲು ಇಡೀ ಚೌಕಕ್ಕೆ ಗಾಢ ನೀಲಿ. ಒಣಗಿದ ಮೇಲೆ ನಡುವೆ ಕೆಂಪು ಗೆರೆ. ಆಮೇಲೆ ಕಿತ್ತಳೆ. ಗೆರೆ ದಪ್ಪ ಆದರೆ ಮತ್ತೆ ನೀಲಿ ತಗೊಂಡು ಎರಡೂ ಕಡೆಯಿಂದ ಒತ್ತಿ ತೆಳು ಮಾಡೋದು. ಗೆರೆ ಎಳೆಯೋದಕ್ಕಿಂತ ತಿದ್ದೋದೇ ಜಾಸ್ತಿ. ಕೂದಲೆಳೆಯ ಕುಂಚ ಬೇಕು ಅಂತ ಎಲ್ಲರೂ ಅಂದುಕೊಳ್ತಾರೆ. ಅದರಲ್ಲಿ ಬಣ್ಣ ತುದಿ ತಲುಪೋ ಮೊದಲೇ ಒಣಗುತ್ತೆ. ಸ್ವಲ್ಪ ದೊಡ್ಡ ಕುಂಚ, ಆದರೆ ತುದಿ ಚೂಪಾಗಿರಬೇಕು."

ಮೇಷ್ಟ್ರು ಭೂತಗನ್ನಡಿ ತೆಗೆದುಕೊಂಡು ಖಾಲಿ ಎದೆಯನ್ನೇ ನೋಡಿದರು. "ಇಷ್ಟೆಲ್ಲ ಬಣ್ಣ ನಿನಗೆ ಫೋಟೋದಲ್ಲಿ ಕಂಡಿತಾ?"

"ಎಲ್ಲಿ ಸರ್? ಆ ಕಾಲದ ಫೋಟೋ ಎಲ್ಲ ಕಪ್ಪು ಬಿಳುಪು. ಕೆಂಪೂ ಬೂದು, ನೀಲಿಯೂ ಬೂದು. ಪಟ್ಟೆಗಳು ಎಷ್ಟು, ಯಾವುದು ಅಗಲ, ಯಾವುದು ಸಣ್ಣ, ಅಷ್ಟು ಮಾತ್ರ ಕಾಣುತ್ತೆ. ಆಮೇಲೆ ಸೇವಾ ದಾಖಲೆ ನೋಡಿ ಹೊಂದಿಸಬೇಕು. ಬರ್ಮಾದಲ್ಲಿ ಇದ್ದರು, ಹಾಗಾಗಿ ಏಳು ಪಟ್ಟೆಯದು ಬರ್ಮಾ ಸ್ಟಾರ್. ವಾರ್ ಮೆಡಲಿನ ರಿಬ್ಬನ್ ಮೇಲೆ ಎಲೆಯಂಥ ಚುಕ್ಕೆ ಇದ್ದರೆ ಅದು ಕಂಚಿನ ಓಕ್ ಎಲೆ, ಯುದ್ಧವರದಿಯಲ್ಲಿ ಹೆಸರು ಬಂದದ್ದಕ್ಕೆ ಕೊಡೋದು. ಅವರ ಹೆಸರು ಬಂದಿತ್ತು."

ಸೈನಿಕನ ಎದೆಯ ಮೇಲಿನ ಸಾಲನ್ನು ಅಲಂಕಾರವೆಂದು ನೋಡುವವರೇ ಹೆಚ್ಚು. ಅದು ದಾಖಲೆ. ಎಲ್ಲಿ ಹೋರಾಡಿದ, ಯಾವ ವರ್ಷ, ಯಾರ ಆಳ್ವಿಕೆಯ ಕೆಳಗೆ ಎಂಬುದೆಲ್ಲ ಆ ಬಣ್ಣದ ಪಟ್ಟೆಗಳಲ್ಲಿದೆ. ತಿಮ್ಮಯ್ಯನವರ ಸಾಲಿನಲ್ಲಿ ಒಂದು ದೇಶ ಕೈಬದಲಾದದ್ದೂ ಕಾಣುತ್ತದೆ. 1945ರಲ್ಲಿ ಎದೆಯ ನಡುವಿಗೆ ಹತ್ತಿರದ, ಅಂದರೆ ಅತಿ ಗೌರವದ ಜಾಗ ಬ್ರಿಟಿಷ್ ದೊರೆ ಕೊಟ್ಟ ಡಿಎಸ್‌ಒಗೆ. ಗಣರಾಜ್ಯವಾದ ಮೇಲೆ ಭಾರತದ ಪದಕಗಳು ಮುಂದಕ್ಕೆ ಬಂದವು, ಬ್ರಿಟಿಷ್ ಪದಕಗಳು ಹಿಂದಕ್ಕೆ ಸರಿದವು. 1957ರ ಮೇ ತಿಂಗಳಲ್ಲಿ ಸೇನೆಯ ಮುಖ್ಯಸ್ಥರಾದಾಗ ಅದೇ ಎದೆಯಲ್ಲಿ ಮೊದಲು ಪದ್ಮಭೂಷಣದ ಗುಲಾಬಿ. 1947ರ ಜನರಲ್ ಸರ್ವಿಸ್ ಮೆಡಲ್, ಕೇಸರಿ ಬಿಳಿ ಹಸಿರಿನ ಸ್ವಾತಂತ್ರ್ಯ ಪದಕ ಆದ ಮೇಲೆ ಡಿಎಸ್‌ಒ. ಪದಕವನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅದರ ಸ್ಥಾನ ಬದಲಾಯಿತು.

ಭುಜದ ಕಥೆಯೂ ಹೀಗೆಯೇ. 1945ರ ಬ್ರಿಗೇಡಿಯರ್ ಭುಜದಲ್ಲಿ ಕಿರೀಟ, ಕೆಳಗೆ ಮೂರು ನಕ್ಷತ್ರ. 1948ರ ಮೇಜರ್ ಜನರಲ್ ಭುಜದಲ್ಲಿ ಒಂದರ ಮೇಲೊಂದು ಅಡ್ಡಹಾಯ್ದ ಕತ್ತಿ ಮತ್ತು ದಂಡ, ಜೊತೆಗೆ ಒಂದು ನಕ್ಷತ್ರ. 1957ರ ಜನರಲ್‌ಗೆ ಕತ್ತಿ, ದಂಡ, ನಕ್ಷತ್ರ, ಮೇಲೆ ಅಶೋಕನ ಸಿಂಹ. ಕಿರೀಟ ಇಳಿದು ಸಿಂಹ ಏರಿದ್ದು ಗಣರಾಜ್ಯದ ಜೊತೆಗೆ. ಒಂದು ಬಟಾಣಿಯಷ್ಟು ಜಾಗದಲ್ಲಿ ಇದನ್ನು ತಪ್ಪಿದರೆ ಇತಿಹಾಸವನ್ನೇ ತಪ್ಪಿದಂತೆ.

"ನನ್ನ ಆಯ್ಕೆ ಹಿರಿಯ ತಲೆ," ಎಂದರು ಮೇಷ್ಟ್ರು. "ಸೈಪ್ರಸ್, 1965. ಕತ್ತಿ ಹಿಡಿದವರು ಬೇಕಾದಷ್ಟು ಜನ ಇದ್ದಾರೆ. ಜಗಳ ಬಿಡಿಸೋಕೆ ಕರೆದದ್ದು ಎಷ್ಟು ಜನರನ್ನ? 1953ರಲ್ಲಿ ಕೊರಿಯದಲ್ಲಿ ಯುದ್ಧ ನಿಂತಾಗ ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು ಉಳಿದರು. ಎರಡು ಕಡೆಯವರೂ ಒಪ್ಪಿದ ತಟಸ್ಥ ಆಯೋಗದ ಅಧ್ಯಕ್ಷತೆ ತಿಮ್ಮಯ್ಯನವರಿಗೆ. ಕಾವಲು ಪಡೆಯ ಮುಖ್ಯಸ್ಥರು ಯಾರು ಗೊತ್ತಾ? ಕಂಗಾದ ಅದೇ ಥೋರಾಟ್. ಎರಡು ಕಡೆಯ ಸಿಟ್ಟನ್ನೂ ಎದುರಿಸಿ ಕೆಲಸ ಮುಗಿಸಿದರು. ಪದ್ಮಭೂಷಣ ಬಂದದ್ದು ಅದರ ಬೆನ್ನಿಗೇ."

"ನಿವೃತ್ತಿ 1961ರಲ್ಲಿ," ಎಂದು ಸುಬೇದಾರರು ಸೇರಿಸಿದರು.

"ನಿವೃತ್ತರಾದ ಮೇಲೂ ಬಿಡಲಿಲ್ಲ. 1964ರ ಮಾರ್ಚಿನಲ್ಲಿ ಸೈಪ್ರಸ್ಸಿಗೆ ವಿಶ್ವಸಂಸ್ಥೆ ಶಾಂತಿಪಡೆ ಕಳಿಸೋ ನಿರ್ಣಯ ಮಾಡಿತು. ಮೊದಲ ಕಮಾಂಡರ್ ಪ್ರೇಮ್ ಸಿಂಗ್ ಗ್ಯಾನಿ, ಅವರೂ ಭಾರತೀಯರೇ. ಅವರ ನಂತರ ತಿಮ್ಮಯ್ಯ. ಗ್ರೀಕರು ಒಂದು ಕಡೆ, ತುರ್ಕರು ಒಂದು ಕಡೆ, ನಡುವೆ ಇವರು. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. 1966ರಲ್ಲಿ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕ ಊರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ಪರದೇಶದವನೊಬ್ಬ ನಮ್ಮ ನೆಲದಲ್ಲಿ ಸತ್ತ ಅಂತ ಒಂದು ದೇಶ ಚೀಟಿ ಅಚ್ಚು ಹಾಕಿಸಬೇಕಾದರೆ ಆತ ಎಂಥವನಿರಬೇಕು! ನೀಲಿ ಟೋಪಿ ಇಡಮ್ಮ."

ಹುಡುಗಿ ಹಿರಿಯ ತಲೆಯನ್ನು ಎದೆಯ ಮೇಲಿಟ್ಟು ನೋಡಿದಳು. ಕತ್ತಿನ ಕೆಳಗೆ ಹಿತ್ತಾಳೆ ತಂತಿಯ ಚೂರು ಇತ್ತು, ತಲೆ ಅದರ ಮೇಲೆ ತಿರುಗುತ್ತಿತ್ತು. "ಇದಕ್ಕೆ ಬಣ್ಣ ಹಚ್ಚೋದು ನನಗೂ ಆಸೆ. ವಯಸ್ಸಾದ ಚರ್ಮದಲ್ಲಿ ಕೆಲಸ ಜಾಸ್ತಿ. ಮೂಗಿನ ತುದಿಗೆ, ಕಿವಿಗೆ ಕೆಂಪು. ಗಡ್ಡ ಬೋಳಿಸಿದ ಕಡೆ ನೀಲಿ ಬೆರೆತ ಬೂದು. ಕಣ್ಣಿನ ಕೆಳಗೆ ನೇರಳೆ. ಯುರೋಪಿನ ಪುಸ್ತಕಗಳಲ್ಲಿ ಇರೋ ಚರ್ಮದ ಬಣ್ಣದ ಸೂತ್ರ ನಮ್ಮವರಿಗೆ ಹೊಂದೋದಿಲ್ಲ. ಕಂದು ಬಣ್ಣಕ್ಕೆ ಹಳದಿ, ಸ್ವಲ್ಪ ಹಸಿರು ಬೆರೆಸಿ ಬುಡದ ಬಣ್ಣ ಮಾಡಿಕೊಳ್ಳಬೇಕು. ನೆರಳಿಗೆ ಕಪ್ಪು ಹಾಕಿದರೆ ಮುಖ ಸತ್ತುಹೋಗುತ್ತೆ."

"ಕಣ್ಣು?"

"ಕಣ್ಣು ಕೊನೆಗೆ ಅಲ್ಲ, ಮೊದಲಿಗೆ. ಕಣ್ಣು ಕೆಟ್ಟರೆ ಮುಖ ಪೂರ್ತಿ ಮತ್ತೆ ಮಾಡಬೇಕು. ಬಿಳಿ ಗುಡ್ಡೆಗೆ ಅಚ್ಚ ಬಿಳಿ ಹಾಕಬಾರದು. ಮೇಲಿನ ರೆಪ್ಪೆಯ ನೆರಳು ಗುಡ್ಡೆಯ ಮೇಲೆ ಬೀಳಬೇಕು. ಎರಡೂ ಕಣ್ಣು ನೇರ ಎದುರಿಗೆ ನೋಡಿದರೆ ಹೆದರಿದವರ ಹಾಗೆ ಕಾಣುತ್ತಾರೆ. ಸ್ವಲ್ಪ ಪಕ್ಕಕ್ಕೆ ಇಡಬೇಕು."

ಸುಬೇದಾರರು ಅಷ್ಟು ಹೊತ್ತು ಸುಮ್ಮನಿದ್ದರು. ಈಗ ಕಿರಿಯ ತಲೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು.

"ಮೇಷ್ಟ್ರೇ, ಸೈಪ್ರಸ್ ದೊಡ್ಡದೇ. ಆದರೆ ನಾನು ಸ್ಯಾಪರ್. ನನಗೆ ಒಂದೇ ದಿನ. 1948ರ ನವೆಂಬರ್ 1, ಜೋಜಿಲಾ."

"ಹೇಳಿ."

"ಕಾಶ್ಮೀರ ಕಣಿವೆಯಿಂದ ಲೇಹ್‌ಗೆ ಹೋಗೋ ದಾರಿಯಲ್ಲಿ ಆ ಕಣಿವೆಬಾಗಿಲು. ಹನ್ನೊಂದೂವರೆ ಸಾವಿರ ಅಡಿ. ಮೇಲೆ ಶತ್ರು ಬಂಡೆಯ ಹಿಂದೆ ಕೂತಿದ್ದಾನೆ. ಬರೀ ಕಾಲಾಳು ಪಡೆ ನುಗ್ಗಿ ನೋಡಿತು, ಆಗಲಿಲ್ಲ. ಲೇಹ್ ಕೈ ತಪ್ಪುವ ಹಾಗಿತ್ತು. ಅಲ್ಲಿನ ಡಿವಿಷನ್ ಕಮಾಂಡರ್ ತಿಮ್ಮಯ್ಯ. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಮೆಹರ್ ಸಿಂಗ್ ಡಕೋಟ ವಿಮಾನವನ್ನ ಮೊದಲ ಸಲ ಲೇಹ್‌ನಲ್ಲಿ ಇಳಿಸಿದಾಗ ಅದರಲ್ಲಿ ಕೂತು ಹೋದವರೂ ಅವರೇ. ಟ್ಯಾಂಕ್ ತಗೊಂಡು ಹೋಗೋಣ ಅಂತ ತೀರ್ಮಾನ ಆಯಿತು. ಆ ಎತ್ತರಕ್ಕೆ ಯಾರೂ ಟ್ಯಾಂಕ್ ಏರಿಸಿ ಯುದ್ಧ ಮಾಡಿರಲಿಲ್ಲ."

"ಟ್ಯಾಂಕ್ ಅಲ್ಲಿಗೆ ಬಂದದ್ದು ಹೇಗೆ?"

"ಜಮ್ಮುವಿನಿಂದ ಶ್ರೀನಗರ, ಅಲ್ಲಿಂದ ಬಾಲ್ತಾಲ್. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಸೇತುವೆಗೆ ಭಾರ ಕಡಿಮೆ ಆಗಲಿ, ಗುಟ್ಟೂ ಉಳಿಯಲಿ ಅಂತ ಮೇಲಿನ ತಿರುಗುಗೋಪುರ ಕಳಚಿ ಬೇರೆ ತಂದರು. ಬಾಲ್ತಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ಕಾಲುದಾರಿ. ಅದನ್ನು ಟ್ಯಾಂಕ್ ಹೋಗುವ ಹಾಗೆ ಮಾಡಿದವರು ಮೇಜರ್ ತಂಗರಾಜು ಮತ್ತವರ ಮದ್ರಾಸ್ ಸ್ಯಾಪರ್ಸ್ ಕಂಪನಿಗಳು. ನಮ್ಮ ಹಲಸೂರಿನವರು! ಬಂಡೆ ಒಡೆದು, ಶತ್ರುವಿನ ಗುಂಡಿನ ಅಳತೆಯಲ್ಲಿ ನಿಂತು ರಸ್ತೆ ಕಡಿದರು. ನವೆಂಬರ್ 1ರಂದು ಟ್ಯಾಂಕ್ ನುಗ್ಗಿತು. ತಿಮ್ಮಯ್ಯ ಹಿಂದೆ ನಕ್ಷೆ ಮುಂದಿಟ್ಟುಕೊಂಡು ಕೂರಲಿಲ್ಲ, ಮುಂಚೂಣಿಗೇ ಹೋದರು. ಬಾಗಿಲು ತೆರೆಯಿತು. ಅದೇ ತಿಂಗಳು ಕಾರ್ಗಿಲ್ ಕೈಗೆ ಬಂತು, ಲೇಹ್ ದಾರಿ ಸೇರಿತು. ಇಡೀ ಪಶ್ಚಿಮ ಕಮಾಂಡಿಗೆ ಆಗ ಮೇಲಿದ್ದವರು ಕಾರ್ಯಪ್ಪ. ಇಬ್ಬರೂ ಕೊಡಗಿನವರು."

ಇಷ್ಟು ಹೇಳಿ ಅವರು ತಲೆಯನ್ನು ಮೇಜಿನ ಮೇಲಿಟ್ಟರು.

ಮೇಷ್ಟ್ರು ಕೇಳಿದರು: "ಜೋಜಿಲಾಗೆ ಅವರಿಗೆ ಯಾವ ಪದಕ ಬಂತು?"

"ಶೌರ್ಯ ಪದಕ ಯಾವುದೂ ಇಲ್ಲ. ಟ್ಯಾಂಕ್ ಪಡೆ ನಡೆಸಿದ ರಾಜಿಂದರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂತು, ಅದು ಸಲ್ಲಬೇಕಾದದ್ದೇ. ತಿಮ್ಮಯ್ಯನವರ ಸಾಲಿನಲ್ಲಿ ಶೌರ್ಯದ ರಿಬ್ಬನ್ ಡಿಎಸ್‌ಒ ಒಂದೇ. ಅದು ಬ್ರಿಟಿಷರು ಕೊಟ್ಟದ್ದು. ಸ್ವತಂತ್ರ ಭಾರತ ಕೊಟ್ಟ ದೊಡ್ಡ ಗೌರವ ಪದ್ಮಭೂಷಣ, ಅದು ನಾಗರಿಕ ಗೌರವ."

ಪದಕಗಳ ಸಾಲನ್ನು ದಾಖಲೆ ಎಂದೆವು. ಆ ದಾಖಲೆಯಲ್ಲಿ ಎಲ್ಲವೂ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಪಡೆಯ ಕಮಾಂಡರ್ ಎಷ್ಟು ಮೇಲೆ ಏರುತ್ತಾನೋ ಅಷ್ಟು ಅವನ ಕೆಲಸ ನಿರ್ಧಾರದ್ದಾಗುತ್ತದೆ. ನಿರ್ಧಾರಕ್ಕೆ ರಿಬ್ಬನ್ ಸಿಗುವುದು ಕಡಿಮೆ. ತಿಮ್ಮಯ್ಯನವರ ಬದುಕಿನ ಇನ್ನೊಂದು ಕಠಿಣ ದಿನ 1959ರ ಆಗಸ್ಟ್ 31. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಏಗಲಾರದೆ ಸೇನಾ ಮುಖ್ಯಸ್ಥ ಹುದ್ದೆಗೆ ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ಹಿಂತೆಗೆದುಕೊಂಡರು. ಆ ದಿನದ ಬಸ್ಟ್ ಮಾಡುವವರು ಯಾರೂ ಇರಲಾರರು.

"ಹಾಗಾದರೆ ಜೋಜಿಲಾ ಮಾಡೋಣ," ಎಂದಳು ಹುಡುಗಿ. "ಆದರೆ ಒಂದು ತೊಡಕಿದೆ. ನವೆಂಬರ್, ಹಿಮ, ಹನ್ನೊಂದೂವರೆ ಸಾವಿರ ಅಡಿ. ಮೈಮೇಲೆ ದಪ್ಪ ಕೋಟು ಇರಬೇಕು. ಕೋಟು ಹಾಕಿದರೆ ರಿಬ್ಬನ್ ಸಾಲು ಕಾಣೋದಿಲ್ಲ. ಅಷ್ಟು ಪದಕದ ಜನರಲ್, ಎದೆ ಖಾಲಿ."

ಮೇಷ್ಟ್ರಿಗೆ ಒಪ್ಪಿಗೆಯಾಗಲಿಲ್ಲ. "ಮಕ್ಕಳಿಗೆ ಹೇಗೆ ಗೊತ್ತಾಗಬೇಕು ಇವರು ಯಾರು ಅಂತ? ಕೋಟು ಹಾಕಿದ ಮೀಸೆಯ ಮನುಷ್ಯ ಯಾರಾದರೂ ಆಗಬಹುದು."

"ಮೇಷ್ಟ್ರೇ, ನಮ್ಮ ವೀರಗಲ್ಲು ನೋಡಿದ್ದೀರಲ್ಲ," ಎಂದರು ಸುಬೇದಾರರು. "ಅದರಲ್ಲಿ ಪದಕ ಎಲ್ಲಿದೆ?"

ಇತಿಹಾಸದ ಮೇಷ್ಟ್ರನ್ನು ವೀರಗಲ್ಲಿನ ಕಡೆಗೆ ಎಳೆದರೆ ಅವರು ನಿಲ್ಲುವುದಿಲ್ಲ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ಸತ್ತವನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಆತ ಕೂತಿರುವುದು. ಸಾವಿರಾರು ಕಲ್ಲುಗಳಲ್ಲಿ ಇದೇ ಕ್ರಮ. ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ, ಸುಮಾರು 890ರ ಶಾಸನದಲ್ಲಿ ಬೆಂಗಳೂರು ಕಾಳಗದ ಹೆಸರಿದೆ, ಅದರಲ್ಲಿ ಮಡಿದವನ ಹೆಸರಿದೆ. ಈ ನಗರದ ಹೆಸರಿಗೆ ಸಿಕ್ಕ ಬಹು ಹಳೆಯ ಆಧಾರವೇ ಒಬ್ಬ ಹೋರಾಟಗಾರನ ಸಾವಿನ ದಾಖಲೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ ಹತ್ತನೇ ಶತಮಾನದ ಬೇಟೆನಾಯಿ ಕಾಳಿ ಹಂದಿಯೊಡನೆ ಕಾದಾಡುತ್ತಿದೆ. ಈ ಕಲ್ಲುಗಳೆಲ್ಲ ಒಂದೊಂದು ದಿನವನ್ನು ಹಿಡಿದವು. ಸತ್ತವನ ಹೆಸರು, ಎಲ್ಲಿ, ಯಾರ ಎದುರು ಎಂಬುದನ್ನು ಬರೆದವು. ಆತನ ಎದೆಯ ಮೇಲೆ ಏನು ತೂಗಿತ್ತು ಎಂದು ಯಾರೂ ಕೇಳಲಿಲ್ಲ. ಯುರೋಪಿನ ಎದೆಮಟ್ಟದ ಪ್ರತಿಮೆ ರೋಮಿನ ಸಿರಿವಂತ ಮನೆತನಗಳ ಹಿರಿಯರ ಮುಖಗಳಿಂದ ಬೆಳೆದದ್ದು. ಅದಕ್ಕೆ ಮುಖವೇ ಮುಖ್ಯ, ಸ್ಥಾನವೇ ಮುಖ್ಯ. ನಮ್ಮ ಕಲ್ಲಿಗೆ ಘಟನೆ ಮುಖ್ಯ. ಮೇಷ್ಟ್ರು ಇದನ್ನೆಲ್ಲ ಹೇಳಿ, ಹೇಳುತ್ತಲೇ ತಮ್ಮ ಪಟ್ಟು ಸಡಿಲಿಸಿದರು.

"ಸರಿ. ಎದೆ ಖಾಲಿ ಇರಲಿ. ಆದರೆ ಪೀಠದ ಮೇಲೆ ಹೆಸರು, ಜಾಗ, ದಿನಾಂಕ ಬೇಕು. ಜೊತೆಗೆ ತಂಗರಾಜು ಹೆಸರೂ ಬೇಕು."

"ಹಾಕ್ತೀನಿ," ಎಂದಳು ಹುಡುಗಿ.

ಮುಂದಿನ ಮಾತು ಕೆಲಸದ್ದು. ಎದೆಯ ಮೇಲೆ ಎಪಾಕ್ಸಿ ಅಂಟುಹಿಟ್ಟಿನಲ್ಲಿ ಕೋಟಿನ ಮಡಿಕೆಗಳನ್ನು ತಿದ್ದಬೇಕು. ಅದು ಗಟ್ಟಿಯಾದ ಮೇಲೆ ಸುತ್ತ ಸಿಲಿಕೋನ್ ಸುರಿದು ಅಚ್ಚು ತೆಗೆಯಬೇಕು. ಅಚ್ಚನ್ನು ಎರಡಾಗಿ ಸೀಳುವ ಗೆರೆ ಎಲ್ಲಿ ಹಾಯಬೇಕು ಎಂಬುದರಲ್ಲೇ ಅರ್ಧ ಜಾಣತನವಿದೆ: ಕಿವಿಯ ಹಿಂದೆ, ಕಾಲರಿನ ಅಂಚಿನಲ್ಲಿ, ಎಲ್ಲಿ ಕಣ್ಣು ಹೋಗುವುದಿಲ್ಲವೋ ಅಲ್ಲಿ. ಪಾಲಿಯುರೆಥೇನ್ ರೆಸಿನ್ ಎರಡು ದ್ರವಗಳಾಗಿ ಬರುತ್ತದೆ. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಸುರಿದು ಮುಗಿಸಬೇಕು. ಗಾಳಿಗುಳ್ಳೆ ಸಿಕ್ಕಿಕೊಳ್ಳುವುದು ಮೂಗಿನ ತುದಿಯಲ್ಲಿ, ಟೋಪಿಯ ಅಂಚಿನಲ್ಲಿ. ಅದಕ್ಕೆ ಅಚ್ಚನ್ನು ಒತ್ತಡದ ಪಾತ್ರೆಯಲ್ಲಿಟ್ಟು ಗುಳ್ಳೆಯನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸುತ್ತಾರೆ.

"ಈ ದ್ರವ ಕೈಗೆ ತಾಗಬಾರದು, ಆವಿ ಮೂಗಿಗೆ ಹೋಗಬಾರದು," ಎಂದಳು ಅವಳು. "ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡಿ ಅಂತೀರಲ್ಲ ಸರ್, ಅದಕ್ಕೆ ಈಗಲೇ ಹೇಳ್ತಿದೀನಿ. ಉಪ್ಪುಕಾಗದದಲ್ಲಿ ಉಜ್ಜೋದನ್ನೂ ಒಣದಾಗಿ ಮಾಡಬೇಡಿ. ನೀರು ಹಾಕಿ ಉಜ್ಜಿ, ಮುಖಕ್ಕೆ ಮಾಸ್ಕ್ ಹಾಕಿ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಣ್ಣಕ್ಕೆ ಮೊದಲು ಸೋಪಿನ ನೀರಲ್ಲಿ ತೊಳೆಯಬೇಕು, ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಸಿಪ್ಪೆಯ ಹಾಗೆ ಏಳುತ್ತೆ."

"ಒಂದು ಅಚ್ಚಿನಿಂದ ಎಷ್ಟು ತೆಗೀಬಹುದು?"

"ಹತ್ತಾರು. ಆಮೇಲೆ ಸಿಲಿಕೋನ್ ಹರಿಯೋಕೆ ಶುರುವಾಗುತ್ತೆ. ಆಗ ಮೂಲದಿಂದ ಮತ್ತೆ ಅಚ್ಚು ತೆಗೀಬೇಕು. ಕೆಲವರು ಮೂಲ ಇಲ್ಲದೆ, ಯಾರೋ ಮಾರಿದ ಬಸ್ಟನ್ನೇ ತಂದು ಅದರಿಂದ ಅಚ್ಚು ತೆಗೆದು ಅಗ್ಗಕ್ಕೆ ಮಾರುತ್ತಾರೆ. ಅದು ಶಿಲ್ಪಿಯ ಅನ್ನ ಕದಿಯೋದು. ಪ್ರತಿ ಸಲ ಗಾತ್ರ ಒಂದಿಷ್ಟು ಕುಗ್ಗುತ್ತೆ, ಗೆರೆ ಮಸುಕಾಗುತ್ತೆ. ಮೊದಲು ಮಾಯವಾಗೋದೇ ಭುಜದ ಚಿಹ್ನೆ, ರಿಬ್ಬನ್ ಅಂಚು. ಇತಿಹಾಸ ಇದ್ದ ಜಾಗವೇ ನುಣ್ಣಗಾಗಿಬಿಡುತ್ತೆ."

ಬಸ್ಟ್ ಕೊಳ್ಳುವವರು ಅವಳ ಈ ಮಾತನ್ನು ಗಮನಿಸಬೇಕು. ಅಗ್ಗದ ನಕಲು ಕೊಂಡರೆ ಮುಖವೊಂದೇ ಸಿಗುತ್ತದೆ.

ಸುಬೇದಾರರು ಹೊರಡುವ ಮೊದಲು ಇನ್ನೊಂದು ಮಾತು ತೆಗೆದರು. "ಮಡಿಕೇರಿಗೆ ಹೋದರೆ ಅವರ ಮನೆ ಸನ್ನಿ ಸೈಡ್ ನೋಡಿ. ಎಷ್ಟೋ ವರ್ಷ ಅಲ್ಲಿ ಸಾರಿಗೆ ಇಲಾಖೆಯ ಕಚೇರಿ ಇತ್ತು. ವಾಹನ ನೋಂದಣಿಗೆ ಬಂದವರಿಗೆ ಅದು ಯಾರ ಮನೆ ಅಂತ ತಿಳಿದಿರಲಿಲ್ಲ. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಊರವರು, ನಿವೃತ್ತ ಸೈನಿಕರು ಬೆನ್ನುಬಿಡದೆ ಕೇಳಿದ್ದರಿಂದ ಆಯಿತು ಅದು."

"ವೃತ್ತದಲ್ಲಿ ಪ್ರತಿಮೆಯೂ ಇದೆ," ಎಂದರು ಮೇಷ್ಟ್ರು.

"ಇದೆ. 2023ರ ಆಗಸ್ಟಿನಲ್ಲಿ ಬಸ್ಸೊಂದು ಬಡಿದು ಉರುಳಿತ್ತು. ಮತ್ತೆ ನಿಲ್ಲಿಸಿದ್ದಾರೆ. ಕಲ್ಲು ಕಂಚಿನ ಪ್ರತಿಮೆ ವೃತ್ತಕ್ಕೆ ಬೇಕು. ಆದರೆ ಅದನ್ನ ಮಗು ಕೈಯಲ್ಲಿ ಹಿಡಿದು ತಿರುಗಿಸಿ ನೋಡೋಕಾಗಲ್ಲ. ಇದನ್ನ ಹಿಡೀಬಹುದು. ಹಿಡಿದು ಕೇಳಬಹುದು, ಇವರ ಕೋಟು ಯಾಕಿಷ್ಟು ದಪ್ಪ ಅಂತ."

ಮೇಷ್ಟ್ರು ತಮ್ಮ ಶಾಲೆಯ ಕಪಾಟಿನಲ್ಲಿ ಬಸ್ಟಿನ ಪಕ್ಕ ಖಾಲಿ ಜಾಗ ಬಿಡುವುದಾಗಿ ಹೇಳಿದರು. ಮಕ್ಕಳು ತಮ್ಮ ಮನೆಯ ಸೈನಿಕರ ಫೋಟೋ ತಂದ ದಿನ ಅಲ್ಲಿ ಇಡಲು. ಹುಡುಗಿಗೆ ಅದು ಬಸ್ಟಿಗಿಂತ ಮುಖ್ಯ ಅನ್ನಿಸಿತು. ಅವಳ ಕೆಲಸ ನಿಲ್ಲುವುದೇ ಅಲ್ಲಿ: ಫೋಟೋ ಸಿಗುತ್ತದೆ, ಹಿಂಬದಿಯಲ್ಲಿ ಏನೂ ಬರೆದಿರುವುದಿಲ್ಲ. ದೊಡ್ಡ ಜನರಲ್‌ಗಳ ವಿಷಯದಲ್ಲಿ ದಾಖಲೆ ಹುಡುಕಬಹುದು. ಹವಾಲ್ದಾರನ, ಸಿಪಾಯಿಯ ವಿಷಯದಲ್ಲಿ ಮನೆಯವರ ನೆನಪೊಂದೇ ಆಧಾರ.

ಕೊಡಗಿನ ಐನ್‌ಮನೆಗಳಲ್ಲಿ, ಬೆಳಗಾವಿಯ ಮರಾಠಾ ರೆಜಿಮೆಂಟಿಗೆ ಮಕ್ಕಳನ್ನು ಕಳಿಸಿದ ಊರುಗಳಲ್ಲಿ, ಹಲಸೂರಿನ ಸ್ಯಾಪರ್ ಮನೆಗಳಲ್ಲಿ ಇಂಥ ಫೋಟೋ, ಇಂಥ ಪದಕದ ಡಬ್ಬಿ ಇನ್ನೂ ಇವೆ. ನಿಮ್ಮ ಮನೆಯಲ್ಲಿದ್ದರೆ ಹಿರಿಯರು ಇರುವಾಗಲೇ ಕೂತು ಕೇಳಿ. ಫೋಟೋದ ಹಿಂಬದಿ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ಪಡೆ, ಊರು, ಇಸವಿ ಬರೆಯಿರಿ. ಅನೇಕ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆಯನ್ನೂ ಹೆಸರನ್ನೂ ಸಣ್ಣಗೆ ಕೊರೆದಿರುತ್ತಾರೆ. ಹೊಳಪು ಬರಲೆಂದು ಅದನ್ನು ಉಜ್ಜಬೇಡಿ.